ಬೆಕ್ಕೂ ಬೇಕು, ಉಸಿರೂ ಬೇಕು

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಈಗ 32 ವರ್ಷ, ಹಾಸನದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿಕ್ಕವಳಿದ್ದಾಗ ಬೆಕ್ಕಿನ ಮರಿಗಳನ್ನು ಕಂಬಳಿಯೊಳಗೇ ಮಲಗಿಸಿಕೊಳ್ಳುತ್ತಿದ್ದೆ, ಆಗ ಏನೂ ಆಗುತ್ತಿರಲಿಲ್ಲ. ಓದಲು ಬೆಂಗಳೂರಿಗೆ ಹೋಗಿ ಆರು ವರ್ಷ ಹಾಸ್ಟೆಲಿನಲ್ಲಿದ್ದೆ. ಆಮೇಲೆ ರಜೆಗೆ ಊರಿಗೆ ಬಂದಾಗಲೆಲ್ಲ ಕಣ್ಣು ತುರಿಕೆ, ಸಾಲು ಸಾಲು ಸೀನು. ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ ಒಂದು ಬೆಕ್ಕು ಸಾಕಿಕೊಂಡೆವು. ಹೋದ ವರ್ಷ ಆಷಾಢದಲ್ಲಿ ನಡುರಾತ್ರಿ ಉಸಿರು ಸಿಕ್ಕಿಕೊಂಡು ಮೂರು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಅಸ್ತಮಾ ಎಂದರು, ಬೆಕ್ಕನ್ನು ಬಿಟ್ಟುಬಿಡಿ ಎಂದರು. ಅದನ್ನು ತವರಿಗೆ ಕಳಿಸಿ ಒಂದು ತಿಂಗಳಾದರೂ ಉಬ್ಬಸ ಕಡಿಮೆಯಾಗಲಿಲ್ಲವಾದ್ದರಿಂದ ಬೆಕ್ಕು ಕಾರಣವೇ ಅಲ್ಲವೇನೋ ಎಂದು ಮನೆಯಲ್ಲಿ ಮಾತಾಯಿತು. ಬೆಕ್ಕಿನ ಕೂದಲು ಹೊಟ್ಟೆಗೆ ಹೋಗಿರುವುದರಿಂದ ಹೀಗಾಗಿದೆ ಎಂದು ಅಮ್ಮ ಹೇಳುತ್ತಾರೆ. ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ತೀರಾ ಕಷ್ಟವಾದಾಗ ಮಾತ್ರ ಎಳೆದುಕೊಳ್ಳುತ್ತೇನೆ. ಏಳು ವರ್ಷದ ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ. ಕೂದಲು ಉದುರದ ಪೂಡಲ್ ತಳಿ ತಂದರೆ ಅಲರ್ಜಿ ಬರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಇದು ನಿಜವೇ? ಅಲರ್ಜಿಗೆ ಚುಚ್ಚುಮದ್ದು ಇದೆಯಂತೆ, ಅದನ್ನು ತೆಗೆದುಕೊಂಡರೆ ಬೆಕ್ಕನ್ನು ವಾಪಸ್ ತರಬಹುದೇ? ತವರಿಗೆ ಹೋಗುವುದನ್ನೂ ನಿಲ್ಲಿಸಬೇಕೇ? ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಕಳಿಸಿದ ದಿನದ ಸಂಕಟವನ್ನು ಯಾರಲ್ಲಿ ಹೇಳಿಕೊಂಡರೂ ನಗುತ್ತಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಶ್ವಾಸಕೋಶದ ಕಾಯಿಲೆಗಳ ವೈದ್ಯನಾಗಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ರೋಗಿಗಳನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಸಾಕಿದ ಪ್ರಾಣಿಯನ್ನು ಬಿಡಬೇಕು ಎಂದು ಹೇಳಿದಾಗ ದೊಡ್ಡವರು ಕೂಡ ಮಾತು ನಿಲ್ಲಿಸಿ ಕಿಟಕಿಯ ಕಡೆ ಮುಖ ತಿರುಗಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದು ನಗುವ ವಿಷಯವಲ್ಲ. ನಿಮ್ಮ ಕೈಯಿಂದ ಅನ್ನ ತಿಂದ ಜೀವವನ್ನು ನಿಮ್ಮ ಕೈಯಿಂದಲೇ ಕಳಿಸಬೇಕಾಯಿತು, ಅದೂ ಅದರ ತಪ್ಪೇನೂ ಇಲ್ಲದೆ. ನಿಮಗಾಗಿರುವ ನೋವು ಸಹಜವಾದದ್ದು, ಮತ್ತು ಚಿಕಿತ್ಸೆಯ ಮಾತಿನಲ್ಲಿ ಅದಕ್ಕೂ ಜಾಗವಿರಬೇಕು. ಈ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಟ್ಟ ಸಲಹೆಯನ್ನು ರೋಗಿಗಳು ಪಾಲಿಸುವುದಿಲ್ಲ ಎಂಬುದು ನನ್ನ ಅನುಭವ. ಬೆಕ್ಕನ್ನು ಬಿಟ್ಟೆವೆಂದು ಹೇಳುತ್ತಾರೆ, ಬೆಕ್ಕು ಹಿತ್ತಲಲ್ಲಿಯೇ ಇರುತ್ತದೆ.

ಮೊದಲು ಕೂದಲಿನ ಮಾತು. ನಮ್ಮ ಊರುಗಳಲ್ಲಿ ಇದನ್ನು ನಂಬದ ಮನೆಯಿಲ್ಲ. ಬೆಕ್ಕಿನ ಕೂದಲು ಅನ್ನದ ಜೊತೆ ಹೊಟ್ಟೆಗೆ ಹೋದರೆ ಅದು ಜೀರ್ಣವಾಗದೆ ಮಲದಲ್ಲಿ ಹೊರಬೀಳುತ್ತದೆ. ಹೊಟ್ಟೆಯಿಂದ ಶ್ವಾಸಕೋಶಕ್ಕೆ ಅದಕ್ಕೆ ದಾರಿಯಿಲ್ಲ, ಅಲ್ಲಿ ಗಂಟು ಕಟ್ಟುವುದೂ ಇಲ್ಲ. ಆದರೆ ಅಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬೆಕ್ಕಿಗೂ ದಮ್ಮಿಗೂ ಸಂಬಂಧವಿದೆ ಎಂದು ಹಿರಿಯರು ಗಮನಿಸಿದ್ದು ಸರಿ, ಕಾರಣವನ್ನು ಕೂದಲಿನ ಮೇಲೆ ಹೊರಿಸಿದ್ದು ಮಾತ್ರ ತಪ್ಪು. ಒಗ್ಗದಿರುವುದು ಕೂದಲಲ್ಲ, ಬೆಕ್ಕಿನ ಚರ್ಮದ ಎಣ್ಣೆಗ್ರಂಥಿಗಳಲ್ಲಿಯೂ ಜೊಲ್ಲಿನಲ್ಲಿಯೂ ಉತ್ಪತ್ತಿಯಾಗುವ ಒಂದು ಪ್ರೋಟೀನ್. ವಿಜ್ಞಾನಿಗಳು ಇದಕ್ಕೆ ಫೆಲ್ ಡಿ 1 ಎಂದು ಹೆಸರಿಟ್ಟಿದ್ದಾರೆ; ಬೆಕ್ಕಿನ ಅಲರ್ಜಿಯುಳ್ಳ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ತೊಂದರೆ ಕೊಡುವುದು ಇದೇ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ರೋಮದ ಮೇಲೆ ಒಣಗುತ್ತದೆ, ಚರ್ಮದ ಹೊಟ್ಟಿನ ಜೊತೆ ಪುಡಿಯಾಗಿ ಉದುರುತ್ತದೆ. ಆ ಪುಡಿಯ ಒಂದು ಪಾಲು 5 ಮೈಕ್ರಾನಿಗಿಂತಲೂ ಸಣ್ಣದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅದೆಷ್ಟು ಸಣ್ಣದೆಂದು ಅಂದಾಜಾಗಬಹುದು. ಅಷ್ಟು ಹಗುರವಾದದ್ದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಉಸಿರಿನ ಜೊತೆ ಶ್ವಾಸನಾಳಗಳ ಆಳಕ್ಕೆ ಇಳಿಯುತ್ತದೆ, ಮತ್ತು ಜಿಗುಟಾಗಿರುವುದರಿಂದ ಗೋಡೆ, ಪರದೆ, ಸ್ವೆಟರ್, ಹಾಸಿಗೆ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಕರಿಯ ಬೆಕ್ಕಿರಲಿ ಬಿಳಿಯದಿರಲಿ, ಗಿಡ್ಡ ರೋಮದ್ದಿರಲಿ ಉದ್ದ ರೋಮದ್ದಿರಲಿ, ಇದು ಎಲ್ಲದರಲ್ಲಿಯೂ ಇರುತ್ತದೆ. ಒಂದೊಂದರಲ್ಲಿ ಪ್ರಮಾಣ ಒಂದೊಂದು ಅಷ್ಟೆ.

ಈ ಅಂಟುವ ಗುಣವೇ ನಿಮ್ಮ ಇನ್ನೊಂದು ಅನುಮಾನಕ್ಕೆ ಉತ್ತರ. ಬೆಕ್ಕನ್ನು ಕಳಿಸಿದ ದಿನವೇ ಅದರ ಪ್ರೋಟೀನ್ ಮನೆ ಬಿಟ್ಟು ಹೋಗುವುದಿಲ್ಲ. ಬೆಕ್ಕು ಹೋದ ಮನೆಗಳ ದೂಳನ್ನು ಮತ್ತೆ ಮತ್ತೆ ಅಳೆದು ನೋಡಿದ ಅಧ್ಯಯನಗಳ ಪ್ರಕಾರ, ಎಂದೂ ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಅದು ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಸೋಫಾ, ಹಾಸಿಗೆ, ಜಮಖಾನೆಗಳನ್ನು ತೆಗೆದು ಗೋಡೆ ಒರೆಸಿದರೆ ಸ್ವಲ್ಪ ಬೇಗ ಇಳಿಯಬಹುದು. ಒಂದು ತಿಂಗಳಲ್ಲಿ ಗುಣ ಕಾಣಲಿಲ್ಲ ಎಂಬ ಕಾರಣಕ್ಕೆ ಬೆಕ್ಕನ್ನು ದೋಷಮುಕ್ತಗೊಳಿಸುವುದು ಅವಸರವಾಯಿತು. ಹಾಗೆಂದು ಪೂರ್ತಿ ದೋಷವನ್ನು ಅದರ ಮೇಲೆ ಹಾಕಲೂ ನಾನು ಸಿದ್ಧನಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬಾಲ್ಯದಲ್ಲಿ ಕಂಬಳಿಯೊಳಗಿದ್ದಾಗ ಬಾರದ ಸೀನು ಹಾಸ್ಟೆಲಿನಿಂದ ಬಂದ ಮೇಲೆ ಏಕೆ ಬಂತು? ಇದನ್ನು ಕೇಳುವವರು ನೀವೊಬ್ಬರೇ ಅಲ್ಲ. ತೋಟ ಬಿಟ್ಟು ಊರು ಸೇರಿದ ಮಕ್ಕಳ ಬಗ್ಗೆ ಮಲೆನಾಡಿನ ಎಷ್ಟೋ ತಂದೆತಾಯಿಯರು ಇದೇ ಮಾತು ಹೇಳುತ್ತಾರೆ. ಅಲರ್ಜಿ ಎಂದರೆ ಮೈಯ ರಕ್ಷಣಾ ವ್ಯವಸ್ಥೆ ಅಪಾಯವಿಲ್ಲದ ವಸ್ತುವನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುವುದು. ಮತ್ತೆ ಅದೇ ವಸ್ತು ಒಳಗೆ ಬಂದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಸುರಿದು ಮೂಗು ಸೋರುತ್ತದೆ, ಕಣ್ಣು ಕೆಂಪಾಗುತ್ತದೆ, ಶ್ವಾಸನಾಳದ ಸ್ನಾಯು ಬಿಗಿದುಕೊಂಡು ಒಳಪೊರೆ ಊದಿಕೊಳ್ಳುತ್ತದೆ. ಆದರೆ ಹುಟ್ಟಿನಿಂದಲೇ ಪ್ರಾಣಿಗಳ ನಡುವೆ, ಆ ಪ್ರೋಟೀನ್ ಹೇರಳವಾಗಿರುವಲ್ಲಿ ಬೆಳೆಯುವ ಕೆಲವರಲ್ಲಿ ದೇಹ ಬೇರೊಂದು ಬಗೆಯ ಪ್ರತಿಕಾಯವನ್ನು ಹೆಚ್ಚಾಗಿ ತಯಾರಿಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ದಿನನಿತ್ಯದ ಆ ಒಡನಾಟ ವರ್ಷಗಟ್ಟಲೆ ತಪ್ಪಿದಾಗ ಒಗ್ಗಿಕೆಯೂ ಸಡಿಲವಾಗಬಹುದು. ನಿಮ್ಮಲ್ಲಿ ಆಗಿರುವುದು ಇದೇ ಎಂದು ತೋರುತ್ತದೆ. ಅದಕ್ಕೆ ನೀವು ಮಾಡಿದ ತಪ್ಪೇನೂ ಇಲ್ಲ, ಓದಲು ಹೋದದ್ದನ್ನು ಯಾರೂ ತಪ್ಪೆನ್ನಲಾರರು. ಈಗ ಮತ್ತೆ ಬೆಕ್ಕುಗಳ ನಡುವೆ ಇದ್ದು ಹಳೆಯ ಒಗ್ಗಿಕೆಯನ್ನು ಮರಳಿಸಿಕೊಳ್ಳುತ್ತೇನೆ ಎಂದು ಮಾತ್ರ ಹೊರಡಬೇಡಿ. ಸೀನು ಮಾತ್ರ ಇರುವವರಿಗೂ ಆಸ್ಪತ್ರೆ ಸೇರುವಷ್ಟು ಅಸ್ತಮಾ ಬಂದವರಿಗೂ ಇದು ಒಂದೇ ಬಗೆಯ ಪ್ರಯೋಗವಲ್ಲ.

ಇನ್ನು ಆಷಾಢ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಪದ ಅದು. ಬೆಕ್ಕು ವರ್ಷದ ಹನ್ನೆರಡು ತಿಂಗಳೂ ನಿಮ್ಮ ಮನೆಯಲ್ಲಿತ್ತು, ಆದರೆ ಉಸಿರು ಸಿಕ್ಕಿಕೊಂಡದ್ದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆಯ ಮನೆಗಳಲ್ಲಿ ಹಾಸಿಗೆ ಬಿಸಿಲು ಕಾಣುವುದಿಲ್ಲ. ಹತ್ತಿಯ ಗಾದಿ, ದಿಂಬು, ಕಂಬಳಿ ಎಲ್ಲವೂ ಥಂಡಿ ಹಿಡಿದು ಭಾರವಾಗುತ್ತವೆ, ಗೋಡೆಯ ಮೂಲೆಯಲ್ಲಿ ಬೂಷ್ಟು ಕಟ್ಟುತ್ತದೆ. ಹಾಸನ ಪೇಟೆ ಅಷ್ಟು ಒದ್ದೆಯಲ್ಲದಿದ್ದರೂ ಮಳೆಗಾಲದ ತೇವ ಅಲ್ಲಿಯೂ ಕಡಿಮೆಯೇನಲ್ಲ. ಕಣ್ಣಿಗೆ ಕಾಣದ ಹಾಸಿಗೆ ನುಸಿಗಳಿಗೆ ಇದು ಸುಗ್ಗಿ. ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿನ್ನುತ್ತವೆ. ಅವುಗಳ ಹಿಕ್ಕೆಯೇ ಅಸ್ತಮಾ ಕೆರಳಿಸುವ ಬಲವಾದ ವಸ್ತುಗಳಲ್ಲೊಂದು. ಮಳೆಗಾಲದ ನೆಗಡಿ, ಬಚ್ಚಲ ಒಲೆಯ ಹೊಗೆ, ತೋಟದ ಮನೆಯಾದರೆ ಕಾಫಿ ಚೀಲಗಳ ದೂಳು, ಇವೆಲ್ಲ ಸೇರಿಕೊಂಡಾಗ ಶ್ವಾಸನಾಳ ಮೊದಲೇ ಕೆರಳಿರುತ್ತದೆ. ಬೆಕ್ಕಿನ ಪಾಲು ಅದರ ಮೇಲೆ ಬಿದ್ದ ಕೊನೆಯ ಹೊರೆಯಾಗಿರಬಹುದು.

ಕೆಲವು ವರ್ಷಗಳ ಹಿಂದೆ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರೊಬ್ಬರು ನನ್ನಲ್ಲಿಗೆ ಬಂದರು. ಒಂಬತ್ತು ವರ್ಷ ಸಾಕಿದ ನಾಯಿಯನ್ನು ಯಾರದೋ ಮಾತು ಕೇಳಿ ಪಕ್ಕದ ಊರಿಗೆ ಕೊಟ್ಟುಬಿಟ್ಟಿದ್ದರು, ಉಬ್ಬಸ ಮಾತ್ರ ಹಾಗೆಯೇ ಇತ್ತು. ಅಲರ್ಜಿ ತಿಳಿಯಲು ಚರ್ಮದ ಪರೀಕ್ಷೆ ಮಾಡಿದಾಗ ನಾಯಿಯ ಸಾರದ ಹನಿ ಹಾಕಿದ ಜಾಗದಲ್ಲಿ ಚರ್ಮ ಏಳಲೇ ಇಲ್ಲ, ನುಸಿಯ ಸಾರದ ಹನಿ ಹಾಕಿದಲ್ಲಿ ಬೆರಳ ಉಗುರಿನಗಲ ಉಬ್ಬಿ ನಿಂತಿತ್ತು. ಅವರು ಆ ಉಬ್ಬನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ನಾಯಿಯನ್ನು ವಾಪಸ್ ತರಲು ಆಗಲಿಲ್ಲ, ಅಷ್ಟರೊಳಗೆ ಅದು ತೀರಿಕೊಂಡಿತ್ತು. ಆ ದಿನದಿಂದ ಪರೀಕ್ಷೆಯಿಲ್ಲದೆ ಯಾವ ಪ್ರಾಣಿಯನ್ನೂ ಮನೆಯಿಂದ ಶಾಶ್ವತವಾಗಿ ಕಳಿಸಿ ಎಂದು ನಾನು ಹೇಳಿಲ್ಲ. ಪರೀಕ್ಷೆಯ ತನಕ ಬಂಧುಗಳಲ್ಲಿ ಬಿಟ್ಟಿರಿ ಎನ್ನುತ್ತೇನೆ. ನಿಮ್ಮ ಬೆಕ್ಕು ತವರಿನಲ್ಲಿಯೇ ಇರುವುದು ಆ ದೃಷ್ಟಿಯಿಂದ ಒಳ್ಳೆಯದಾಯಿತು.

ಚರ್ಮದ ಪರೀಕ್ಷೆ ಹೆದರುವಂಥದ್ದಲ್ಲ. ಮುಂಗೈಯ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಮಾಡಿ, ಬೆಕ್ಕು, ನಾಯಿ, ನುಸಿ, ಜಿರಲೆ, ಬೂಷ್ಟು, ಪರಾಗ ಹೀಗೆ ಒಂದೊಂದರ ಸಾರದ ಹನಿಯಿಟ್ಟು, ಹನಿಯ ಮೂಲಕ ಸೂಜಿಯ ತುದಿಯಿಂದ ಚರ್ಮವನ್ನು ಮೆಲ್ಲಗೆ ಚುಚ್ಚುತ್ತೇವೆ, ರಕ್ತ ಬರುವುದಿಲ್ಲ. ಹೋಲಿಕೆಗೆಂದು ಒಂದು ಹನಿ ಉಪ್ಪುನೀರು, ಒಂದು ಹನಿ ಹಿಸ್ಟಮಿನ್ ಇರುತ್ತದೆ. 15ರಿಂದ 20 ನಿಮಿಷದಲ್ಲಿ ಒಗ್ಗದ ವಸ್ತುವಿನ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬುತ್ತದೆ. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಉಬ್ಬಿದರೆ ಆ ವಸ್ತುವಿಗೆ ದೇಹ ಸಂವೇದಿಯಾಗಿದೆ ಎಂದರ್ಥ. ಉಬ್ಬಿದ್ದೆಲ್ಲವೂ ಕಾಯಿಲೆಗೆ ಕಾರಣವಲ್ಲ. ಉಬ್ಬಿಗೂ ನಿಮ್ಮ ಅನುಭವಕ್ಕೂ ತಾಳೆಯಾಗಬೇಕು. ಚರ್ಮರೋಗ ಇರುವವರಿಗೆ, ಅಲರ್ಜಿ ಮಾತ್ರೆ ನಿಲ್ಲಿಸಲಾಗದವರಿಗೆ ರಕ್ತದಲ್ಲಿ ನಿರ್ದಿಷ್ಟ ಐಜಿಇ ಅಳೆಯಬಹುದು. ನೂರಾರು ಆಹಾರಗಳ ಪಟ್ಟಿ ಕೊಟ್ಟು ಐಜಿಜಿ ಎಂಬ ಬೇರೊಂದು ಪ್ರತಿಕಾಯವನ್ನು ಅಳೆಯುವ ದುಬಾರಿ ಪರೀಕ್ಷೆಗಳನ್ನು ಹಿಡಿದುಕೊಂಡು ಅನೇಕರು ಬರುತ್ತಾರೆ. ಅವುಗಳಿಂದ ಅಲರ್ಜಿ ಪತ್ತೆಯಾಗುವುದಿಲ್ಲ, ಹಣ ಹಾಳು. ಜೊತೆಗೆ ಊದಿ ನೋಡುವ ಸ್ಪೈರೋಮೆಟ್ರಿ ಆಗಲೇಬೇಕು, ಏಕೆಂದರೆ ಬೆಕ್ಕಿನ ಬಗ್ಗೆ ನಿಮಗೆ ಎಷ್ಟು ಸಡಿಲ ಕೊಡಬಹುದೆಂಬುದನ್ನು ಚರ್ಮಕ್ಕಿಂತ ಹೆಚ್ಚಾಗಿ ಶ್ವಾಸಕೋಶ ನಿರ್ಧರಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಬೆಕ್ಕಲ್ಲ, ಇನ್ಹೇಲರನ್ನು ತೀರಾ ಕಷ್ಟವಾದಾಗ ಮಾತ್ರ ಎಳೆದುಕೊಳ್ಳುತ್ತೇನೆ ಎಂಬ ಮಾತು. ಅಸ್ತಮಾ ಎಂದರೆ ಉಬ್ಬಸ ಬಂದಾಗ ಮಾತ್ರ ಇರುವ ಕಾಯಿಲೆಯಲ್ಲ. ನೀವು ಆರಾಮಾಗಿ ಪಾಠ ಮಾಡುತ್ತಿರುವಾಗಲೂ ಶ್ವಾಸನಾಳದ ಒಳಪೊರೆ ಸಣ್ಣಗೆ ಊದಿಕೊಂಡೇ ಇರುತ್ತದೆ. ಕಷ್ಟವಾದಾಗ ಎಳೆದುಕೊಳ್ಳುವ ಔಷಧಿ ಬಿಗಿದ ಸ್ನಾಯುವನ್ನು ಕೆಲವು ಗಂಟೆ ಸಡಿಲಿಸುತ್ತದೆಯೇ ಹೊರತು ಊತವನ್ನು ಮುಟ್ಟುವುದಿಲ್ಲ. ಊತವನ್ನು ಇಳಿಸುವುದು ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೆರಾಯ್ಡ್. ಬರೀ ಉಪಶಮನದ ಇನ್ಹೇಲರಿನಿಂದ ಅಸ್ತಮಾವನ್ನು ನಡೆಸಿಕೊಂಡು ಹೋಗಬಾರದು, ದೊಡ್ಡವರೆಲ್ಲರಿಗೂ ಸ್ಟೆರಾಯ್ಡ್ ಇರುವ ಇನ್ಹೇಲರ್ ಬೇಕು ಎಂದು ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಸ್ಟೆರಾಯ್ಡ್ ಎಂಬ ಪದಕ್ಕೆ ಬೆಚ್ಚಬೇಡಿ. ಒಂದು ಸಾಧಾರಣ ಇನ್ಹೇಲರಿನ ಒಂದು ಎಳೆತದಲ್ಲಿರುವುದು 200 ಮೈಕ್ರೋಗ್ರಾಂ ಆಸುಪಾಸು; ಉಬ್ಬಸ ವಿಪರೀತವಾದಾಗ ನುಂಗಲು ಕೊಡುವ 40 ಮಿಲಿಗ್ರಾಂ ಮಾತ್ರೆ ಎಂದರೆ 40,000 ಮೈಕ್ರೋಗ್ರಾಂ. ಎರಡೂ ಒಂದೇ ಔಷಧಿಯಲ್ಲದಿರುವುದರಿಂದ ಅಂಕಿಯನ್ನು ನೇರವಾಗಿ ಹೋಲಿಸಲಾಗದಿದ್ದರೂ, ಮುಖ್ಯವಾಗಿ ಶ್ವಾಸನಾಳದಲ್ಲಿ ಕೆಲಸ ಮಾಡುವ ಚಿಟಿಕೆಗೂ ಮೈಗೆಲ್ಲ ಹರಡುವ ಮಾತ್ರೆಗೂ ಇರುವ ಅಂತರ ತಿಳಿಯುತ್ತದೆ. ಇನ್ಹೇಲರನ್ನು ದೂರವಿಟ್ಟವರೇ ಕೊನೆಗೆ ಆ ದೊಡ್ಡ ಪ್ರಮಾಣವನ್ನು ನುಂಗಬೇಕಾಗುತ್ತದೆ. ಇನ್ಹೇಲರ್ ಚಟವಾಗುವುದಿಲ್ಲ. ಸ್ಪೇಸರ್ ಎಂಬ ಕೊಳವೆಯ ಮೂಲಕ ನಿಧಾನವಾಗಿ ಎಳೆದುಕೊಂಡು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಗಂಟಲು ಒಡೆಯುವುದು, ಬಾಯಿಯಲ್ಲಿ ಬಿಳಿ ಪದರ (ಅಗ್ರ) ಬರುವುದು ಬಹುಮಟ್ಟಿಗೆ ತಪ್ಪುತ್ತದೆ.

ಪೂಡಲ್ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಅಲರ್ಜಿ ಬರಿಸದ ನಾಯಿ ತಳಿ ಎಂಬುದು ಇಲ್ಲ. ನಾಯಿಯ ಮುಖ್ಯ ಅಲರ್ಜಿಕಾರಕ ಕ್ಯಾನ್ ಎಫ್ 1 ಕೂಡ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನೇ. ಅಂಥ ತಳಿಗಳಿರುವ ಮನೆಗಳನ್ನೂ ಸಾಮಾನ್ಯ ನಾಯಿಗಳಿರುವ ಮನೆಗಳನ್ನೂ ಹೋಲಿಸಿದಾಗ ದೂಳಿನಲ್ಲಿ ವ್ಯತ್ಯಾಸ ಕಂಡಿಲ್ಲ. 2012ರಲ್ಲಿ ನೆದರ್‌ಲೆಂಡ್ಸ್‌ನಿಂದ ಪ್ರಕಟವಾದ ಅಧ್ಯಯನದಲ್ಲಿ ಪೂಡಲ್ ಮೊದಲಾದ ತಳಿಗಳ ರೋಮದಲ್ಲಿ ಈ ಪ್ರೋಟೀನ್ ಉಳಿದವಕ್ಕಿಂತ ಹೆಚ್ಚೇ ಇತ್ತು. ಒಂದು ಸಣ್ಣ ವಿಶೇಷವಿದೆ. ಕ್ಯಾನ್ ಎಫ್ 5 ಎಂಬ ಇನ್ನೊಂದು ಪ್ರೋಟೀನ್ ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಿಂದ ಬರುವಂಥದ್ದು. ಅದೊಂದಕ್ಕೆ ಮಾತ್ರ ಅಲರ್ಜಿಯಿರುವವರು ಹೆಣ್ಣು ನಾಯಿಯ ಜೊತೆ ತೊಂದರೆಯಿಲ್ಲದೆ ಇರಬಲ್ಲರು. ಇದನ್ನು ವಿಶೇಷ ರಕ್ತ ಪರೀಕ್ಷೆಯಿಂದ ತಿಳಿಯಬಹುದು. ಮಾರುವವರ ಮಾತಿನಿಂದ ತಿಳಿಯಲಾಗದು. ನಾಯಿಯ ವಿಷಯದಲ್ಲಿ ನಿಮ್ಮ ಚರ್ಮ ಏನು ಹೇಳುತ್ತದೆಂದು ಗೊತ್ತಾಗುವ ತನಕ ಮರಿಯನ್ನು ತರಬೇಡಿ. ತಂದು, ಮಗಳು ಅದಕ್ಕೊಂದು ಹೆಸರಿಟ್ಟು, ಎರಡು ತಿಂಗಳಾದ ಮೇಲೆ ಹಿಂದಿರುಗಿಸುವುದು ಮಗುವಿಗೂ ಮರಿಗೂ ಅನ್ಯಾಯ.

ಅಲರ್ಜಿಯ ಚುಚ್ಚುಮದ್ದು ನಿಜ. ಒಗ್ಗದ ವಸ್ತುವನ್ನೇ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ವಾರಗಳಲ್ಲಿ ಏರಿಸುತ್ತ ಹೋಗಿ, ಆಮೇಲೆ ತಿಂಗಳಿಗೊಮ್ಮೆಯಂತೆ ಮೂರರಿಂದ ಐದು ವರ್ಷ ಕೊಡಬೇಕಾಗುತ್ತದೆ. ನುಸಿಯ ಅಲರ್ಜಿಗೆ ಇದರ ಪ್ರಯೋಜನ ಚೆನ್ನಾಗಿ ಸಾಬೀತಾಗಿದೆ, ಬೆಕ್ಕಿಗೂ ಸಾಕಷ್ಟು ಆಧಾರವಿದೆ, ನಾಯಿಯ ವಿಷಯದಲ್ಲಿ ಫಲಿತಾಂಶ ದುರ್ಬಲ. ಇದರ ಅಪಾಯವೆಂದರೆ ಚುಚ್ಚಿದ ಅರ್ಧ ಗಂಟೆಯೊಳಗೆ ಅಪರೂಪಕ್ಕೆ ಮೈಯೆಲ್ಲ ದದ್ದೆದ್ದು ರಕ್ತದೊತ್ತಡ ಕುಸಿಯುವ ತೀವ್ರ ಪ್ರತಿಕ್ರಿಯೆ. ಹತೋಟಿಯಲ್ಲಿಲ್ಲದ ಅಸ್ತಮಾ ಇರುವವರಲ್ಲಿ ಈ ಅಪಾಯ ಹೆಚ್ಚು, ಅಂಥವರಿಗೆ ಕೊಡುವಂತಿಲ್ಲ. ಆದ್ದರಿಂದ ಇಂದಿನ ಸ್ಥಿತಿಯಲ್ಲಿ ನಾನು ನಿಮಗೆ ಇದನ್ನು ಆರಂಭಿಸುವುದಿಲ್ಲ. ಆರು ತಿಂಗಳು ಇನ್ಹೇಲರನ್ನು ಕ್ರಮವಾಗಿ ತೆಗೆದುಕೊಂಡು ರಾತ್ರಿ ಎಚ್ಚರವಾಗದೆ, ಉಪಶಮನದ ಔಷಧಿ ಬೇಕಾಗದೆ ಇದ್ದರೆ ಆಗ ಯೋಚಿಸಬಹುದು. ಆಗಲೂ ಅದರ ಗುರಿ ತವರಿನಲ್ಲಿ, ಬಂಧುಗಳ ಮನೆಯಲ್ಲಿ, ಶಾಲೆಯಲ್ಲಿ ನೀವು ನೆಮ್ಮದಿಯಿಂದ ಉಸಿರಾಡುವುದು. ಬೆಕ್ಕನ್ನು ಹಾಸಿಗೆಯಲ್ಲಿ ಮಲಗಿಸಿಕೊಳ್ಳಲು ಅದು ಪರವಾನಗಿಯಲ್ಲ.

ಶಾಲೆಯ ಮಾತು ಬಂತು. ಬೆಕ್ಕು ಸಾಕುವ ಮನೆಯ ಮಕ್ಕಳ ಬಟ್ಟೆಯಲ್ಲಿ ಈ ಪ್ರೋಟೀನ್ ತರಗತಿಗೆ ಬರುತ್ತದೆ. ಸ್ವೀಡನ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಬೆಕ್ಕಿನ ಅಲರ್ಜಿಯಿರುವ ಅಸ್ತಮಾ ಮಕ್ಕಳು ತಮ್ಮ ಮನೆಯಲ್ಲಿ ಬೆಕ್ಕಿಲ್ಲದಿದ್ದರೂ, ಬೆಕ್ಕು ಸಾಕುವವರು ಹೆಚ್ಚಿರುವ ತರಗತಿಯಲ್ಲಿ ಕೂತರೆ ಅವರ ಅಸ್ತಮಾ ಹೆಚ್ಚಾಗುತ್ತಿತ್ತು. ರಜೆ ಮುಗಿದು ಶಾಲೆ ಆರಂಭವಾದ ವಾರದಲ್ಲಿ ನಿಮಗೆ ಕೆಮ್ಮು ಹೆಚ್ಚುತ್ತದೆಯೇ ಎಂದು ಗಮನಿಸಿ. ಮಕ್ಕಳನ್ನು ದೂರ ಕೂರಿಸಬೇಕಾದ್ದಿಲ್ಲ. ಕಿಟಕಿ ತೆರೆದಿಡಿ, ದಿನದ ಇನ್ಹೇಲರ್ ತಪ್ಪಿಸಬೇಡಿ.

ಬೆಕ್ಕಿಗೆ ಅಲರ್ಜಿ ಇದೆಯೆಂದೇ ಪರೀಕ್ಷೆಯಲ್ಲಿ ಖಚಿತವಾಯಿತು ಎನ್ನಿ. ಬರೀ ಸೀನು, ಕಣ್ಣುರಿ ಇರುವವರಿಗೆ ನಾನು ಒಂದು ಮಧ್ಯಮ ದಾರಿ ಹೇಳುತ್ತೇನೆ: ಮಲಗುವ ಕೋಣೆಗೆ ಪ್ರಾಣಿಗೆ ಎಂದೂ ಪ್ರವೇಶವಿಲ್ಲ, ಜಮಖಾನೆಯಿಲ್ಲ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಬಾಚುವ ಕೆಲಸ ಮನೆಯ ಬೇರೆಯವರದು. ವಾರಕ್ಕೆ ಎರಡು ಬಾರಿ ನಾಯಿಗೆ ಸ್ನಾನ ಮಾಡಿಸಿದರೆ ಪ್ರೋಟೀನ್ ಇಳಿಯುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ; ಬೆಕ್ಕಿಗೆ ಸ್ನಾನ ಮಾಡಿಸುವುದು ಅದಕ್ಕೂ ನಿಮಗೂ ಶಿಕ್ಷೆ, ಲಾಭ ಒಂದು ವಾರವೂ ನಿಲ್ಲುವುದಿಲ್ಲ. ಹೆಪಾ ಫಿಲ್ಟರಿನ ಗಾಳಿ ಶುದ್ಧೀಕರಣ ಯಂತ್ರ ತೇಲುವ ಕಣಗಳನ್ನು ಹಿಡಿಯುತ್ತದೆ, ಸೋಫಾದಲ್ಲಿ ಕೂತಿರುವುದನ್ನು ಹಿಡಿಯುವುದಿಲ್ಲ, ಪ್ರಾಣಿ ಮನೆಯೊಳಗೇ ಇದ್ದರೆ ಅದರಿಂದ ರೋಗಲಕ್ಷಣ ಇಳಿಯುವ ಭರವಸೆ ಕೊಡಲಾರೆ. ಆದರೆ ಈ ಮಧ್ಯಮ ದಾರಿ ನಿಮಗಲ್ಲ. ಉಸಿರು ಕಟ್ಟಿ ಆಸ್ಪತ್ರೆ ಸೇರಿದವರಿಗೆ ಮತ್ತೊಮ್ಮೆ ಹಾಗಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೀಗಾಗಿ ಪರೀಕ್ಷೆ ಬೆಕ್ಕಿನ ಕಡೆ ಬೆರಳು ತೋರಿಸಿದರೆ, ಹಾಸನದ ಮನೆಯೊಳಗೆ ಬೆಕ್ಕು ಬೇಡ. ಇದನ್ನು ಹೇಳಲು ನನಗೂ ಸುಲಭವಲ್ಲ. ತೋರಿಸದಿದ್ದರೆ, ಅಸ್ತಮಾ ಹತೋಟಿಗೆ ಬಂದ ಮೇಲೆ ಅದನ್ನು ಧಾರಾಳವಾಗಿ ಮನೆಗೆ ಕರೆತನ್ನಿ.

ತವರಿಗೆ ಹೋಗುವುದನ್ನು ನಿಲ್ಲಿಸಬೇಡಿ, ಹೋಗುವ ಕ್ರಮವನ್ನು ಬದಲಿಸಿ. ಆಷಾಢ ಶ್ರಾವಣದ ಮಳೆಯಲ್ಲಿ ವಾರಗಟ್ಟಲೆ ತಂಗುವ ಬದಲು ದೀಪಾವಳಿಯ ನಂತರ, ಹಾಸಿಗೆಗಳು ಬಿಸಿಲು ಕಂಡ ಮೇಲೆ ಹೋಗಿ. ಹೋಗುವ ಮುಂಚಿನ ವಾರಗಳಲ್ಲಿ ಇನ್ಹೇಲರ್ ಒಂದು ದಿನವೂ ತಪ್ಪಿರಬಾರದು. ಮನೆಯಲ್ಲಿ ಒಂದು ಕೋಣೆಯನ್ನು ನಿಮಗೆಂದು ಮೀಸಲಿಡಲು ಅಮ್ಮನಿಗೆ ಹೇಳಿ. ನೀವು ಬರುವ ಕೆಲವು ತಿಂಗಳ ಮೊದಲಿನಿಂದಲೇ ಅದರ ಬಾಗಿಲು ಬೆಕ್ಕುಗಳಿಗೆ ಮುಚ್ಚಿರಬೇಕು, ಹಿಂದಿನ ದಿನ ಮುಚ್ಚಿದರೆ ಪ್ರಯೋಜನವಿಲ್ಲ. ದಿಂಬು, ಹೊದಿಕೆಗಳನ್ನು ಹಾಸನದಿಂದಲೇ ಒಯ್ಯಿರಿ. ಅಲ್ಲಿಯ ಹೊದಿಕೆಗಳನ್ನು ಒಗೆಯುವುದಾದರೆ ಹಂಡೆಯ ಕೈ ಸುಡುವ ನೀರಿನಲ್ಲಿಯೇ ಒಗೆಯಬೇಕು, ಸುಮಾರು 60 ಡಿಗ್ರಿ ಬಿಸಿಗೆ ನುಸಿ ಸಾಯುತ್ತದೆ. ಬೆಕ್ಕನ್ನು ನೋಡದೆ ಬರಬೇಡಿ. ಒಳಗಲ್ಲ, ಗಾಳಿಯಾಡುವ ಜಗಲಿಯಲ್ಲಿಯೋ ಕಾಫಿ ಒಣಗಿಸದ ಅಂಗಳದಲ್ಲಿಯೋ ಕೂತು, ಹಳೆಯ ಹತ್ತಿಯ ಬಟ್ಟೆಯೊಂದನ್ನು ತೊಟ್ಟು ಅದನ್ನು ಮಡಿಲಿಗೆ ಕರೆದುಕೊಳ್ಳಿ, ಮುಖಕ್ಕೆ ತಾಗಿಸಿಕೊಳ್ಳಬೇಡಿ, ಎದ್ದ ಮೇಲೆ ಕೈ ಮುಖ ತೊಳೆದು ಬಟ್ಟೆ ಬದಲಿಸಿ. ಉಪಶಮನದ ಇನ್ಹೇಲರ್ ಪಕ್ಕದಲ್ಲಿರಲಿ. ಎದೆ ಬಿಗಿಯಲು ಆರಂಭಿಸಿದರೆ ಆ ದಿನಕ್ಕೆ ಅಷ್ಟೇ. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಹೇಳಲಾಗದಿದ್ದರೆ, ಇನ್ಹೇಲರ್ ಎಳೆದುಕೊಂಡರೂ ಸಡಿಲವಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಘಟ್ಟದ ದಾರಿಯ ದೂರವನ್ನು ಲೆಕ್ಕಕ್ಕಿಟ್ಟುಕೊಂಡು ಸ್ವಲ್ಪ ಮೊದಲೇ ಹೊರಡಬೇಕು.

ಬೆಕ್ಕಿನ ಬದಲಿಗೆ ಬೇರೇನಾದರೂ ಸಾಕೋಣ ಎಂದು ಹೊರಡುವವರಿಗೆ ಒಂದು ಎಚ್ಚರಿಕೆಯಿದೆ. ರೋಮವಿಲ್ಲದ್ದೆಂದು ಜನ ಹಕ್ಕಿಗಳ ಕಡೆ ತಿರುಗುತ್ತಾರೆ. ಪಾರಿವಾಳ, ಲವ್‌ಬರ್ಡ್ಸ್‌ಗಳ ಗರಿಯ ಪುಡಿ ಮತ್ತು ಹಿಕ್ಕೆಯ ದೂಳಿನಿಂದ ಬರುವ ಶ್ವಾಸಕೋಶದ ಉರಿಯೂತ ಅಸ್ತಮಾಕ್ಕಿಂತ ಬೇರೆಯದು, ಎಷ್ಟೋ ಸಲ ಹೆಚ್ಚು ಕೆಟ್ಟದ್ದು. ಒಣಕೆಮ್ಮು, ಏದುಸಿರು, ತೂಕ ಇಳಿಯುವುದು ಕಂಡು ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಅಲೆದು, ಕೊನೆಗೆ ಛಾವಣಿಯ ಮೇಲೆ ಪಾರಿವಾಳದ ಗೂಡಿದೆ ಎಂಬ ವಿವರ ಹೊರಬಿದ್ದ ರೋಗಿಗಳನ್ನು ನೋಡಿದ್ದೇನೆ. ತಡವಾದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿ ಮತ್ತೆ ಮೆತ್ತಗಾಗುವುದಿಲ್ಲ. ನಮ್ಮ ಕಾಡಿನ ಗಿಣಿಯನ್ನು, ನಕ್ಷತ್ರ ಆಮೆಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮೊಲ, ಗಿನಿಯಿಲಿಗಳ ಜೊಲ್ಲು ಮೂತ್ರಗಳಿಗೂ ಅಲರ್ಜಿ ಬರುತ್ತದೆ. ಉಳಿದದ್ದರಲ್ಲಿ ಸುರಕ್ಷಿತವಾದದ್ದು ಮೀನು. ತೊಟ್ಟಿಗೆ ಮುಚ್ಚಳವಿರಲಿ, ಕೋಣೆಯಲ್ಲಿ ತೇವ ಏರದಿರಲಿ, ಒಣಗಿಸಿದ ಕೆಂಪು ಹುಳುವಿನ ಆಹಾರವನ್ನು ಮಾತ್ರ ಹಾಕಬೇಡಿ, ಅದರ ಪುಡಿಗೇ ಅಸ್ತಮಾ ಕೆರಳುವವರಿದ್ದಾರೆ.

ಪ್ರಾಣಿಗಳ ಒಡನಾಟ ಮನೆಯ ಗೋಡೆಯೊಳಗೇ ಇರಬೇಕೆಂದಿಲ್ಲ. ಬೀದಿಯ ಒಂದೆರಡು ನಾಯಿಗಳಿಗೆ ದಿನವೂ ಹೊರಗೆ ಅನ್ನ ಹಾಕುವವರು ನನ್ನ ರೋಗಿಗಳಲ್ಲಿದ್ದಾರೆ. ಹಾಗೆ ಮಾಡುವುದಾದರೆ ರೇಬೀಸ್ ಲಸಿಕೆಯನ್ನು ಮೊದಲೇ ತೆಗೆದುಕೊಳ್ಳಿ, ಕಚ್ಚಿದರೂ ಪರಚಿದರೂ 15 ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಆ ನಾಯಿಗಳಿಗೆ ಲಸಿಕೆ, ಗಾಯಕ್ಕೆ ಔಷಧಿ ಮಾಡಿಸಬೇಕಾದರೆ ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ. ದನಕರುಗಳ ಮೈದಡವುವುದನ್ನು ಇಷ್ಟಪಡುವವರಾದರೆ ಕೊಟ್ಟಿಗೆಯ ಒಳಗೆ, ಬೂಷ್ಟು ಹಿಡಿದ ಹುಲ್ಲಿನ ನಡುವೆ ಬೇಡ, ಹೊರಗೆ ಮೇಯುವಲ್ಲಿ ಸರಿ. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಸುದ್ದಿ ಇರುವಾಗ ಕಾಡಂಚಿನಲ್ಲಿ ಮೇದು ಬಂದ ದನದ ಮೈಯಲ್ಲಿರುವ, ಆ ಕಾಯಿಲೆ ಹರಡುವ ಉಣುಗುಗಳ ಬಗ್ಗೆ ಎಚ್ಚರವಿರಲಿ. ಮಗಳನ್ನು ಬೆಳಗಿನ ಹೊತ್ತು ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆಯ ದಂಡೆಗೆ ಕರೆದೊಯ್ದು ನೀರಹಕ್ಕಿಗಳನ್ನು ತೋರಿಸಿ. ನಾಯಿಮರಿಯ ಹಟ ಅದರಿಂದ ನಿಲ್ಲುತ್ತದೆಂದು ಹೇಳಲಾರೆ, ಆದರೆ ನೋಡುವುದಕ್ಕೆ ಅಲರ್ಜಿಯಿಲ್ಲ.

ಮಗಳಿಗೆ ಅಲರ್ಜಿಯಿಲ್ಲದಿದ್ದರೆ ನಿಮ್ಮ ಕಾಯಿಲೆಯ ಹೆದರಿಕೆಯಿಂದ ಅವಳನ್ನು ಪ್ರಾಣಿಗಳಿಂದ ದೂರವಿಡಬೇಡಿ. ಅಜ್ಜಿಯ ಮನೆಯಲ್ಲಿ ಅವಳು ಬೆಕ್ಕಿನ ಜೊತೆ ಮನಸಾರೆ ಆಡಲಿ, ಆಡಿ ಬಂದ ಮೇಲೆ ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಿಸಿ ಆಮೇಲೆ ನಿಮ್ಮ ಮಡಿಲಿಗೆ ಬರಲಿ. ಕಾರಣವನ್ನು ಅವಳಿಗೆ ಇದ್ದ ಹಾಗೆಯೇ ಹೇಳಿ. ಏಳು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಈ ವಾರ ಮಾಡಬೇಕಾದದ್ದು ಒಂದೇ: ಹತ್ತಿರದ ಶ್ವಾಸಕೋಶ ತಜ್ಞರಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಹೋಗುವಾಗ ನಿಮ್ಮ ಇನ್ಹೇಲರನ್ನು ಒಯ್ದು, ಹೇಗೆ ಎಳೆದುಕೊಳ್ಳುತ್ತೀರೆಂದು ಅವರ ಮುಂದೆಯೇ ಎಳೆದು ತೋರಿಸಿ. ಸೀನಿಗೆಂದು ನುಂಗುವ ಅಲರ್ಜಿ ಮಾತ್ರೆಯನ್ನು ಚರ್ಮದ ಪರೀಕ್ಷೆಗೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಉಬ್ಬು ಏಳುವುದಿಲ್ಲ. ಇನ್ಹೇಲರನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.